ಮುಂಗಡ ಕೊಟ್ಟವರಿಗೆ ನೋಟಿಸ್ ಬೇಡವೇ?

ಕರೆಂಟ್ ಬಿಲ್ ಕಟ್ಟುವ ಪ್ರತಿಯೊಂದು ಮನೆಯವರಲ್ಲೂ ಒಂದು ಮನವಿ. ನಿಮ್ಮ ಮನೆಯ ಗೋಡೆಯ ಮೇಲೆ ಪ್ರಿಪೇಯ್ಡ್ ಮೀಟರ್ ಇನ್ನೂ ಬಂದು ಕೂತಿಲ್ಲದಿರಬಹುದು. ಅದು ಬರುವುದಕ್ಕೆ ಮೊದಲೇ ನಾವು ಕೇಳಿ ಬರೆಸಿಕೊಳ್ಳಬೇಕಾದ ಮಾತೊಂದಿದೆ. ಮೀಟರಿನಲ್ಲಿ ಹಣ ಮುಗಿದ ಕ್ಷಣಕ್ಕೆ ಮನೆ ಕತ್ತಲಾಗಬಾರದು. ಮುಂಚೆಯೇ ತಿಳಿಸಬೇಕು, ಗಡುವು ಕೊಡಬೇಕು, ರಾತ್ರಿ ಹೊತ್ತು ಕಡಿಯಬಾರದು. ಇವತ್ತು ಬಿಲ್ ಬಾಕಿ ಉಳಿಸಿಕೊಂಡವರಿಗೂ ಕಾನೂನು ಹದಿನೈದು ದಿನದ ನೋಟಿಸ್ ಕೊಡಿಸುತ್ತದೆ. ನಾಳೆ ಮುಂಗಡವಾಗಿ ದುಡ್ಡು ಕೊಟ್ಟವರಿಗೆ ಅಷ್ಟೂ ಇಲ್ಲವೆಂದರೆ ಅದು ಯಾವ ಸೀಮೆಯ ನ್ಯಾಯ?

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ವಿತರಣಾ ಕಂಪನಿಗಳ ನಷ್ಟ ಇಳಿಸಬೇಕೆಂದು ಕೇಂದ್ರ ಸರ್ಕಾರ 2021ರಲ್ಲಿ ಆರ್‌ಡಿಎಸ್‌ಎಸ್ ಎಂಬ ಯೋಜನೆ ತಂದಿತು. ಮೂರು ಲಕ್ಷ ಕೋಟಿ ರೂಪಾಯಿ ದಾಟಿದ ಯೋಜನೆ ಅದು. ದೇಶದಲ್ಲಿ 25 ಕೋಟಿ ಪ್ರಿಪೇಯ್ಡ್ ಸ್ಮಾರ್ಟ್ ಮೀಟರ್ ಹಾಕುವುದು ಅದರ ಗುರಿ. ಮೊದಲು ಇಟ್ಟುಕೊಂಡಿದ್ದ 2025ರ ಮಾರ್ಚ್ ಗಡುವು ಹಾಗೇ ದಾಟಿಹೋಯಿತು, ಗುರಿ ಮಾತ್ರ ಹಾಗೇ ಇದೆ. ಬಿಹಾರ ಈ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ನಡೆದಿದೆ. ನಮ್ಮಲ್ಲಿ ಬೆಸ್ಕಾಂ 2025ರ ಫೆಬ್ರುವರಿಯಿಂದ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿದಾಗ ಗಲಾಟೆಯೆಲ್ಲ ಬೆಲೆಯ ಸುತ್ತಲೇ ನಡೆಯಿತು. ಸಿಂಗಲ್ ಫೇಸ್ ಮೀಟರಿಗೆ ಸುಮಾರು ಐದು ಸಾವಿರ ರೂಪಾಯಿ ಎಂದರೆ ಯಾರಿಗೆ ತಾನೆ ಸಿಟ್ಟು ಬಾರದು? ಹೈಕೋರ್ಟಿನವರೆಗೂ ಹೋಯಿತು. ಆ ಜಗಳ ಆಗಬೇಕಾದದ್ದೇ. ಆದರೆ ಆ ಗದ್ದಲದಲ್ಲಿ ಮೀಟರಿನ ಹೊಟ್ಟೆಯೊಳಗಿರುವ ಸ್ವಿಚ್ಚಿನ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ಸ್ಮಾರ್ಟ್ ಮೀಟರಿನಲ್ಲಿ ಕಚೇರಿಯಿಂದಲೇ ಕರೆಂಟ್ ನಿಲ್ಲಿಸಬಲ್ಲ ಸ್ವಿಚ್ ಇರುತ್ತದೆ. ಇವತ್ತು ತಿಂಗಳ ಕೊನೆಗೆ ಬಿಲ್ ಕೊಡುತ್ತಿರುವ ಅದೇ ಮೀಟರನ್ನು ನಾಳೆ ಪ್ರಿಪೇಯ್ಡ್ ಮಾಡಲು ಯಾರೂ ಏಣಿ ಹಿಡಿದು ನಿಮ್ಮ ಮನೆಗೆ ಬರಬೇಕಾಗಿಲ್ಲ, ಒಂದು ಆದೇಶ ಸಾಕು. ‘ನಮ್ಮನೆಗೆ ಹಾಕಿರೋದು ಬರೀ ಸ್ಮಾರ್ಟ್ ಮೀಟರು, ಪ್ರಿಪೇಯ್ಡ್ ಅಲ್ಲ’ ಎಂದು ನೆಮ್ಮದಿಯಾಗಿರುವವರು ಇದನ್ನು ಗಮನದಲ್ಲಿಡಬೇಕು.

ಪ್ರಿಪೇಯ್ಡ್ ಆದಾಗ ಏನಾಗುತ್ತದೆ? ನೀವು ಹಾಕಿದ ಹಣದಲ್ಲಿ ಬಳಸಿದ ಯೂನಿಟ್ಟಿನ ದುಡ್ಡು ದಿನದಿನವೂ ಕಳೆಯುತ್ತ ಹೋಗುತ್ತದೆ. ಯೂನಿಟ್ಟಿನದಷ್ಟೇ ಆಗಿದ್ದರೆ ಲೆಕ್ಕ ಸುಲಭವಿತ್ತು. ನಿಗದಿತ ಶುಲ್ಕವೂ ಕಳೆಯಬೇಕಲ್ಲ. 2025-26ರ ದರಪಟ್ಟಿಯಲ್ಲಿ ಮನೆಬಳಕೆಗೆ ಕಿಲೋವ್ಯಾಟಿಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕ. ಮೂರು ಕಿಲೋವ್ಯಾಟ್ ಮಂಜೂರಾದ ಮನೆಗೆ ತಿಂಗಳಿಗೆ 435 ರೂಪಾಯಿ, ದಿನಕ್ಕೆ ಹದಿನಾಲ್ಕೂವರೆ. ಹೆರಿಗೆಗೆ ಮಗಳ ಮನೆಗೆಂದು ಹೋಗಿ ತಿಂಗಳು ಬಿಟ್ಟು ಬಂದರೆ, ಒಂದು ಬಲ್ಬೂ ಉರಿಯದ ಮನೆಯ ಮೀಟರಿನಲ್ಲಿ ಅಷ್ಟು ಹಣ ಕರಗಿರುತ್ತದೆ. ಮೊದಲೇ ಹಾಕಿದ್ದು ಮುನ್ನೂರು ರೂಪಾಯಿ ಮಾತ್ರವಾಗಿದ್ದರೆ ಬೀಗ ತೆಗೆದ ದಿನ ಸ್ವಿಚ್ ಒತ್ತಿದರೂ ದೀಪ ಹತ್ತದು.

ಈಗ ಕಾನೂನಿಗೆ ಬರೋಣ. 2003ರ ವಿದ್ಯುತ್ ಕಾಯ್ದೆಯ 56ನೇ ಕಲಂ ಹೇಳುವುದು ಸ್ಪಷ್ಟವಾಗಿದೆ. ಹಣ ಕಟ್ಟದ ಗ್ರಾಹಕರ ಸಂಪರ್ಕ ತೆಗೆಯುವ ಮುಂಚೆ ಪೂರ್ತಿ ಹದಿನೈದು ದಿನದ ಲಿಖಿತ ನೋಟಿಸ್ ಕೊಡಬೇಕು. ಬಿಲ್ಲಿನ ಮೊತ್ತವೇ ತಪ್ಪು ಎಂಬ ತಕರಾರಿದ್ದರೆ, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ‘ತಕರಾರಿನೊಂದಿಗೆ’ ಎಂದು ಬರೆದು ಕಟ್ಟಿದರೆ ಆ ವಿವಾದ ಮುಗಿಯುವವರೆಗೆ ಕರೆಂಟ್ ತೆಗೆಯುವಂತಿಲ್ಲ. ಅದೇ ಕಲಮಿನ ಎರಡನೇ ಭಾಗದ ಪ್ರಕಾರ, ಸತತವಾಗಿ ಬಾಕಿ ಎಂದು ಬಿಲ್ಲಿನಲ್ಲಿ ತೋರಿಸಿರದ ಹಳೆಯ ಹಣವನ್ನು ಎರಡು ವರ್ಷ ಕಳೆದ ಮೇಲೆ ಕೇಳುವಂತಿಲ್ಲ.

ಇಷ್ಟೆಲ್ಲ ರಕ್ಷಣೆ ಕಟ್ಟಿಕೊಟ್ಟ ಕಾಯ್ದೆಯ ಕೆಳಗೆ ಕೇಂದ್ರ ಸರ್ಕಾರ 2020ರ ಡಿಸೆಂಬರ್ 31ರಂದು ಗ್ರಾಹಕರ ಹಕ್ಕುಗಳ ನಿಯಮ ಹೊರಡಿಸಿತು. ಹೆಸರು ಚೆನ್ನಾಗಿದೆ, ಒಳಗೆ ಒಳ್ಳೆಯ ಅಂಶಗಳೂ ಇವೆ. ಜೊತೆಗೆ ಒಂದು ಸಾಲೂ ಇದೆ. ಪ್ರಿಪೇಯ್ಡ್ ಮೀಟರಿನಲ್ಲಿ ಹಣ ಮುಗಿದರೆ ಸರಬರಾಜು ತಾನಾಗಿಯೇ ನಿಲ್ಲುವಂತಿರಬೇಕು, ಹಾಗೆ ನಿಂತದ್ದನ್ನು ಸಂಪರ್ಕ ಕಡಿತವೆಂದು ಪರಿಗಣಿಸುವಂತಿಲ್ಲ ಎಂಬುದು ಅದರ ತಾತ್ಪರ್ಯ. ರೀಚಾರ್ಜ್ ಮಾಡಿದ ಕೂಡಲೇ ಕರೆಂಟ್ ಮತ್ತೆ ಬರುತ್ತದೆ, ಮರುಸಂಪರ್ಕದ ಶುಲ್ಕ ಕೇಳುವ ಪ್ರಶ್ನೆ ಬರುವುದಿಲ್ಲ, ಅದು ಸರಿ. ಆದರೆ ಕಡಿತವೇ ಅಲ್ಲವೆಂದ ಮೇಲೆ ಕಡಿತಕ್ಕೆ ಮುಂಚಿನ ನೋಟಿಸ್ ಎಲ್ಲಿಂದ ಬಂತು? ಆ ಒಂದು ಸಾಲು ಹದಿನೈದು ದಿನವನ್ನು ನುಂಗಿಬಿಟ್ಟಿದೆ.

ತಕರಾರಿನ ಹಕ್ಕಿಗೂ ಇದೇ ಗತಿ. ಈಗ ಬಿಲ್ ವಿಪರೀತ ಬಂದರೆ ದುಡ್ಡು ನಿಮ್ಮ ಕೈಯಲ್ಲೇ ಇರುತ್ತದೆ, ಕಂಪನಿ ನಿಮ್ಮ ಹಿಂದೆ ಬರಬೇಕು. ಪ್ರಿಪೇಯ್ಡಿನಲ್ಲಿ ಮೊದಲು ಕಳೆದುಕೊಂಡು ಆಮೇಲೆ ಮಾತು. ನೀವು ಅರ್ಜಿ ಹಿಡಿದು ಅವರ ಹಿಂದೆ ಅಲೆಯಬೇಕು. ಸಬ್‌ಡಿವಿಷನ್ ಆಫೀಸಿನ ಬೆಂಚಿನ ಮೇಲೆ ಕೂತು ‘ಸಾಹೇಬ್ರು ಸೈಟಿಗೆ ಹೋಗಿದಾರೆ’ ಎಂಬ ಉತ್ತರ ಕೇಳಿದವರಿಗೆ ಈ ಎರಡರ ನಡುವಿನ ಅಂತರ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿ ಯಾವ ಕಲಮಿನಲ್ಲೂ ಇಲ್ಲ. ಫ್ಯೂಸ್ ಕೀಳಲು ಬಂದ ಲೈನ್‌ಮ್ಯಾನ್‌ಗೆ ಮನೆಯಾಕೆ ಬಾಗಿಲಲ್ಲಿ ನಿಂತು ‘ಶನಿವಾರ ಬಟವಾಡೆ ಐತೆ, ಸೋಮವಾರ ಕಟ್ಟಿಬಿಡ್ತೀವಿ ಕಣಣ್ಣ’ ಎನ್ನುತ್ತಾಳೆ. ಒಳಗೆ ಜ್ವರದ ಮಗು ಮಲಗಿರುವುದನ್ನು ಅವನು ನೋಡುತ್ತಾನೆ. ‘ಸೋಮವಾರ ತಪ್ಪಿಸಬೇಡಿ ಅಕ್ಕ’ ಎಂದು ಮುಂದಿನ ಮನೆಗೆ ಹೋಗುತ್ತಾನೆ. ಎಲ್ಲ ಲೈನ್‌ಮ್ಯಾನ್‌ಗಳೂ ಹೀಗಿರುತ್ತಾರೆಂದು ಹೇಳುತ್ತಿಲ್ಲ, ನೋಟಿಸೇ ಇಲ್ಲದೆ ಫ್ಯೂಸ್ ಕಿತ್ತೊಯ್ಯುವವರೂ ಇದ್ದಾರೆ. ಆದರೂ ಮನುಷ್ಯ ಬಂದಾಗ ಮಾತಿಗೆ ಜಾಗವಿರುತ್ತದೆ. ಮೀಟರಿನೊಳಗಿನ ಸ್ವಿಚ್ಚಿಗೆ ಬಟವಾಡೆಯ ದಿನ ಗೊತ್ತಿಲ್ಲ. ಆದ್ದರಿಂದಲೇ ಲೈನ್‌ಮ್ಯಾನ್ ತೋರುತ್ತಿದ್ದ ಆ ದಾಕ್ಷಿಣ್ಯವನ್ನು ಇನ್ನು ನಿಯಮದಲ್ಲೇ ಬರೆಯಬೇಕು.

‘ಮೊಬೈಲಿಗೆ ರೀಚಾರ್ಜ್ ಮಾಡಲ್ವಾ, ಇದೂ ಹಾಗೇ’ ಎಂದು ವಾದಿಸುವವರು ಬಹಳ. ಮೊಬೈಲ್ ರೀಚಾರ್ಜ್ ಮುಗಿದರೆ ಮಾತು ನಿಲ್ಲುತ್ತದೆ. ಕರೆಂಟ್ ಹೋದರೆ ಸಂಪಿನಿಂದ ಟ್ಯಾಂಕಿಗೆ ನೀರು ಏರುವುದಿಲ್ಲ, ಫ್ರಿಜ್ಜಿನಲ್ಲಿಟ್ಟ ಇನ್ಸುಲಿನ್ ಬೆಚ್ಚಗಾಗುತ್ತದೆ, ಉಸಿರಾಟಕ್ಕೆ ಆಕ್ಸಿಜನ್ ಯಂತ್ರ ಹಚ್ಚಿಕೊಂಡ ಅಜ್ಜನ ಗತಿ ಏನು? ಹಳ್ಳಿಯಲ್ಲಿ ಇಬ್ಬರೇ ಇರುವ ವಯಸ್ಸಾದವರ ಬ್ಯಾಲೆನ್ಸ್ ಮೆಸೇಜು ಹೋಗುವುದು ಬೆಂಗಳೂರಿನ ಮಗನ ಫೋನಿಗೆ. ಅವನು ಮೀಟಿಂಗಿನಲ್ಲಿದ್ದರೆ ಇವರು ಕತ್ತಲಲ್ಲಿ. ಹಣವಿದ್ದೂ ಸರ್ವರ್ ಕೈಕೊಟ್ಟು ರೀಚಾರ್ಜ್ ಆಗದ ರಾತ್ರಿಗಳು ಬೇರೆ.

ಮೀಟರಿಗೆ ಮೊದಲೇ ದುಡ್ಡು ಹಾಕುವ ಪದ್ಧತಿ ಬ್ರಿಟನ್ನಿನಲ್ಲಿ ಹಳೆಯದು. ಅಲ್ಲಿಗೆ ಓದಲು ಹೋಗಿ ಬಾಡಿಗೆ ಮನೆ ಹಿಡಿದ ನಮ್ಮ ಹುಡುಗ ಹುಡುಗಿಯರಿಗೆ ಈ ಮೀಟರು ಹೊಸದೇನಲ್ಲ, ಕೀಲಿಯಂಥ ಒಂದು ಸಾಧನವನ್ನು ಅಂಗಡಿಗೆ ಒಯ್ದು ಹಣ ತುಂಬಿಸಿಕೊಂಡು ಬಂದು ಮೀಟರಿಗೆ ಚುಚ್ಚುವುದು. ಅಲ್ಲಿ ದುಡ್ಡು ಮುಗಿದರೂ ತಕ್ಷಣ ಕತ್ತಲಾಗದಂತೆ ಒಂದಿಷ್ಟು ತುರ್ತು ಸಾಲವನ್ನು ಮೀಟರೇ ಕೊಡಬೇಕು, ರಾತ್ರಿ ಮತ್ತು ವಾರಾಂತ್ಯದ ಗೊತ್ತಾದ ಹೊತ್ತುಗಳಲ್ಲಿ ಕಡಿಯಬಾರದು ಎಂಬ ನಿಯಮಗಳಿವೆ. ಅಷ್ಟಿದ್ದೂ 2022ರಲ್ಲಿ 32 ಲಕ್ಷ ಜನ ಒಮ್ಮೆಯಾದರೂ ಮೀಟರಿಗೆ ಹಾಕಲು ದುಡ್ಡಿಲ್ಲದೆ ಕೂತರು ಎಂಬುದು ಸಿಟಿಜನ್ಸ್ ಅಡ್ವೈಸ್ ಸಂಸ್ಥೆಯ ಅಂದಾಜು. ಕಂಪನಿಯ ಕಡತದಲ್ಲಿ ಇವರ ಸಂಪರ್ಕವನ್ನು ಯಾರೂ ಕಡಿದಿಲ್ಲ, ಇವರೇ ಕಡಿದುಕೊಂಡಂತೆ!

2023ರ ಫೆಬ್ರುವರಿಯಲ್ಲಿ ದಿ ಟೈಮ್ಸ್ ಪತ್ರಿಕೆಯ ವರದಿಗಾರ ವೇಷ ಮರೆಸಿಕೊಂಡು ಹೋಗಿ ಬರೆದ ವರದಿ ಆ ದೇಶವನ್ನೇ ಅಲುಗಾಡಿಸಿತು. ಬ್ರಿಟಿಷ್ ಗ್ಯಾಸ್ ಕಂಪನಿಯ ಪರವಾಗಿ ಕೆಲಸ ಮಾಡುತ್ತಿದ್ದ ಏಜೆಂಟರು ಕೋರ್ಟ್ ವಾರಂಟ್ ಹಿಡಿದು, ಬೀಗ ಒಡೆದು, ಬಾಕಿದಾರರ ಮನೆಗಳಿಗೆ ಬಲವಂತವಾಗಿ ಪ್ರಿಪೇಯ್ಡ್ ಮೀಟರ್ ಹಾಕುತ್ತಿದ್ದರು, ಅಂಗವಿಕಲರ ಮನೆ, ಎಳೆಮಕ್ಕಳ ಮನೆ ಎಂದು ನೋಡದೆ. ಕೆಲವೇ ದಿನಗಳಲ್ಲಿ ಅಂಥ ವಾರಂಟುಗಳನ್ನು ಕೊಡುವುದನ್ನೇ ನಿಲ್ಲಿಸುವಂತೆ ಹಿರಿಯ ನ್ಯಾಯಾಧೀಶ ಲಾರ್ಡ್ ಜಸ್ಟಿಸ್ ಈಡಿಸ್ ಆದೇಶಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಆಫ್‌ಜೆಮ್ ಎಂಬ ನಿಯಂತ್ರಣ ಸಂಸ್ಥೆ ಹೊಸ ನಿಯಮ ತಂದಿತು. ಬಲವಂತದ ಮೀಟರ್ ಹಾಕುವ ಮುನ್ನ ಕನಿಷ್ಠ ಹತ್ತು ಸಲ ಗ್ರಾಹಕರನ್ನು ಸಂಪರ್ಕಿಸಲು ಯತ್ನಿಸಿರಬೇಕು, ಮನೆಗೆ ಹೋಗಿ ಪರಿಸ್ಥಿತಿ ನೋಡಿರಬೇಕು, ಆಸರೆಯಿಲ್ಲದ 75 ದಾಟಿದವರ ಮನೆಗೂ ಎರಡು ವರ್ಷದೊಳಗಿನ ಕೂಸಿರುವ ಮನೆಗೂ ಹಾಕಲೇಬಾರದು. ಅಲ್ಲಿ ಈ ನಿಯಮ ಬಂದದ್ದು ಜನ ಚಳಿಯಲ್ಲಿ ನಡುಗಿದ ಮೇಲೆ. ನಮಗೆ ಮೊದಲೇ ಕೇಳುವ ಅವಕಾಶವಿದೆ.

ನಮ್ಮ ದೇಶದಲ್ಲೂ ಜನ ಸುಮ್ಮನಿಲ್ಲ. 2024ರ ಮೇ ತಿಂಗಳಲ್ಲಿ ವಡೋದರದಲ್ಲಿ ಬ್ಯಾಲೆನ್ಸ್ ನೀರಿನಂತೆ ಹರಿದುಹೋಗುತ್ತಿದೆ ಎಂದು ಬೀದಿಗಿಳಿದರು. ಮರುತಿಂಗಳು ಮಹಾರಾಷ್ಟ್ರ ಸರ್ಕಾರ ಸಾಮಾನ್ಯ ಗ್ರಾಹಕರಿಗೆ ಈ ಮೀಟರ್ ಹಾಕುವುದಿಲ್ಲ ಎಂದು ಹೇಳಬೇಕಾಯಿತು.

ಹಾಗಾದರೆ ಮೀಟರನ್ನೇ ಕಿತ್ತೊಗೆಯಿರಿ ಎನ್ನುತ್ತಿದ್ದೇನೆಯೇ? ಇಲ್ಲ. ಪ್ರಿಪೇಯ್ಡಿನಲ್ಲಿ ಅನುಕೂಲವೂ ಇದೆ. ಮೀಟರ್ ರೀಡರ್ ಬಂದಾಗ ಗೇಟಿಗೆ ಬೀಗವಿತ್ತೆಂದು ಸರಾಸರಿ ಬಿಲ್ ಹಾಕುವ ಕಾಟ ತಪ್ಪುತ್ತದೆ. ದಿನಕ್ಕೊಮ್ಮೆಯಾದರೂ ದೂರದಿಂದಲೇ ರೀಡಿಂಗ್ ತೆಗೆಯಬೇಕು, ಆ ಮಾಹಿತಿ ಗ್ರಾಹಕರಿಗೂ ಸಿಗಬೇಕು ಎಂದು ನಿಯಮವೇ ಇದೆ. ಎಲ್ಲಕ್ಕಿಂತ ದೊಡ್ಡದು ಠೇವಣಿ. ನಮ್ಮಲ್ಲಿ ಪ್ರತಿ ಮನೆಯ ಎರಡು ತಿಂಗಳ ಸರಾಸರಿ ಬಿಲ್ಲಿನಷ್ಟು ಹಣ ಭದ್ರತಾ ಠೇವಣಿಯಾಗಿ ಎಸ್ಕಾಂ, ಅಂದರೆ ವಿತರಣಾ ಕಂಪನಿಯ ಬಳಿ ಇರುತ್ತದೆ, ಬಳಕೆ ಹೆಚ್ಚಾದರೆ ಹೆಚ್ಚುವರಿ ಠೇವಣಿ ಕಟ್ಟಿ ಎಂಬ ಚೀಟಿ ಬರುತ್ತದೆ. ಕಾಯ್ದೆಯ 47ನೇ ಕಲಂ ಪ್ರಕಾರ, ಪ್ರಿಪೇಯ್ಡ್ ಮೀಟರ್ ಮೂಲಕ ಕರೆಂಟ್ ಪಡೆಯಲು ಗ್ರಾಹಕರು ತಯಾರಿದ್ದರೆ ಅವರಿಂದ ಆ ಠೇವಣಿ ಕೇಳುವಂತಿಲ್ಲ. ನಿಮ್ಮ ಮೀಟರನ್ನು ಪ್ರಿಪೇಯ್ಡಿಗೆ ಬದಲಿಸುವ ದಿನ ಬಂದರೆ ಮೊದಲ ಪ್ರಶ್ನೆ ಇದೇ ಆಗಿರಲಿ: ನನ್ನ ಠೇವಣಿ ಎಲ್ಲಿ? ಒಂದು ಕೈಯಲ್ಲಿ ಠೇವಣಿ ಹಿಡಿದು ಇನ್ನೊಂದು ಕೈಯಲ್ಲಿ ಮುಂಗಡ ಕೇಳುವುದಕ್ಕೆ ಕಾಯ್ದೆ ಒಪ್ಪುವುದಿಲ್ಲ. ಆ ಕಲಂ ಪ್ರಿಪೇಯ್ಡನ್ನು ಗ್ರಾಹಕರ ಇಚ್ಛೆಗೆ ಬಿಟ್ಟಿದೆ ಎಂಬುದನ್ನೂ ಗಮನಿಸಿ. ಅದರ ಕೆಳಗಿನ ನಿಯಮಗಳು ಕಡ್ಡಾಯದ ಮಾತಾಡುತ್ತಿವೆ. ಕಾಯ್ದೆಗಿಂತ ನಿಯಮ ದೊಡ್ಡದಾಗಬಹುದೇ ಎಂಬ ವಾದವನ್ನು ಕಾನೂನು ಬಲ್ಲವರು ಎತ್ತಬೇಕು.

ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯವರಿಗೆ ಇನ್ನೊಂದು ತೊಡಕು. 200 ಯೂನಿಟ್ ಮಿತಿಯೊಳಗೆ ಶೂನ್ಯ ಬಿಲ್ ಬರುತ್ತಿರುವ ಮನೆ ಪ್ರಿಪೇಯ್ಡ್ ಆದರೆ, ಸರ್ಕಾರದ ಪಾಲಿನ ಹಣ ತಿಂಗಳ ಮೊದಲ ದಿನವೇ ಮೀಟರಿಗೆ ಜಮಾ ಆಗಬೇಕು. ‘ಮೊದಲು ನೀವು ಹಾಕಿ, ಆಮೇಲೆ ಖಾತೆಗೆ ಬರುತ್ತದೆ’ ಎಂಬ ಪದ್ಧತಿಗೆ ಒಪ್ಪಬೇಡಿ. ಅಡುಗೆ ಗ್ಯಾಸಿನ ಸಬ್ಸಿಡಿ ಹೀಗೆ ಶುರುವಾಗಿ ಎಲ್ಲಿಗೆ ಬಂತೆಂದು ಎಲ್ಲರಿಗೂ ಗೊತ್ತಿದೆ. ತಮಾಷೆಯೆಂದರೆ, ಸಬ್ಸಿಡಿ ಘೋಷಿಸಿದ ರಾಜ್ಯ ಸರ್ಕಾರ ಆ ಹಣವನ್ನು ವಿತರಣಾ ಕಂಪನಿಗೆ ಮುಂಗಡವಾಗಿ ಕೊಡಬೇಕು ಎಂದು ಇದೇ ಕಾಯ್ದೆಯ 65ನೇ ಕಲಂ ಹೇಳುತ್ತದೆ. ಪ್ರಿಪೇಯ್ಡಿನ ಶಿಸ್ತು ಮೊದಲು ಸರ್ಕಾರಕ್ಕೇ ಅನ್ವಯಿಸಲಿ, ಆಮೇಲೆ ನಮ್ಮ ಮನೆಗೆ ಬನ್ನಿ ಎನ್ನಲು ನಮಗೆ ಹಕ್ಕಿದೆ.

ಹಣ ದಿನಾ ಕಳೆಯುವಾಗ ಮೀಟರು ಸರಿಯಾಗಿ ಎಣಿಸುತ್ತಿದೆಯೇ ಎಂಬುದೂ ಮುಖ್ಯ. ನಿಮ್ಮ ಮನೆಯಲ್ಲಿ ಈಗಾಗಲೇ ಎಲೆಕ್ಟ್ರಾನಿಕ್ ಮೀಟರ್ ಇದ್ದರೆ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಅದರ ಮುಖದ ಮೇಲೆ ಕೆಂಪು ದೀಪವೊಂದು ಮಿಟುಕುತ್ತಿರುತ್ತದೆ. ಪಕ್ಕದಲ್ಲಿ 3200 ಅಥವಾ 1600 ಎಂಬಂಥ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಅಷ್ಟು ಸಲ ಮಿಟುಕಿದರೆ ಒಂದು ಯೂನಿಟ್ ಎಂದರ್ಥ. ಎಲ್ಲ ಸ್ವಿಚ್ ಆರಿಸಿ, ಫ್ರಿಜ್ಜಿನ ಪ್ಲಗ್ಗನ್ನೂ ತೆಗೆದು, 1000 ವ್ಯಾಟಿನ ಇಸ್ತ್ರಿಪೆಟ್ಟಿಗೆಯನ್ನು ತಣ್ಣಗಿರುವಾಗಲೇ ಪೂರ್ತಿ ಬಿಸಿಗೆ ತಿರುಗಿಸಿ ಹಚ್ಚಿ. ಒಬ್ಬರು ಗಡಿಯಾರ ನೋಡಲಿ, ಇನ್ನೊಬ್ಬರು ಮಿಟುಕನ್ನು ಎಣಿಸಲಿ. 3200ರ ಮೀಟರಾದರೆ ಒಂದು ನಿಮಿಷಕ್ಕೆ ಸುಮಾರು 53 ಸಲ, 1600ರದ್ದಾದರೆ 26-27 ಸಲ ಮಿಟುಕಬೇಕು. ವೋಲ್ಟೇಜ್ ಏರಿಳಿದರೆ ಕೆಲವು ಎಣಿಕೆ ಆಚೀಚೆ ಆಗುತ್ತದೆ, ಗಾಬರಿ ಬೇಡ. 53ರ ಜಾಗದಲ್ಲಿ 75 ಬಂದರೆ ದೂರು ಬರೆಯಿರಿ. ಆಮೇಲೆ ಮನೆಯ ಮುಖ್ಯ ಎಂಸಿಬಿಯನ್ನೇ ಕೆಳಗೆ ಮಾಡಿ. ಆಗಲೂ ದೀಪ ಮಿಟುಕುತ್ತಿದ್ದರೆ ಮೀಟರಿಗೂ ಎಂಸಿಬಿಗೂ ನಡುವೆ ಬೇರೆ ಯಾವುದೋ ತಂತಿ ಸೇರಿಕೊಂಡಿದೆ. ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಸಂಪಿನ ಮೋಟಾರು, ಮೆಟ್ಟಿಲಿನ ದೀಪ ಬಾಡಿಗೆದಾರರ ಮೀಟರಿಗೆ ಅಂಟಿಕೊಂಡಿರುವುದು ಪತ್ತೆಯಾಗುವುದು ಹೀಗೆಯೇ. ತಿಂಗಳ ಕೊನೆಯ ಬಿಲ್ಲಿನಲ್ಲಿ ಇದು ಕರಗಿಹೋಗುತ್ತಿತ್ತು, ದಿನಾ ಕಳೆಯುವ ಬ್ಯಾಲೆನ್ಸಿನಲ್ಲಿ ಚುಚ್ಚುತ್ತದೆ.

ಹೊಸ ಮೀಟರಿನ ರೀಡಿಂಗ್ ನಿಮ್ಮ ಬಳಕೆಗೆ ತಾಳೆಯಾಗುತ್ತಿಲ್ಲ ಎಂದು ದೂರು ಕೊಟ್ಟರೆ, ಐದು ದಿನದೊಳಗೆ ಹೆಚ್ಚುವರಿ ಮೀಟರೊಂದನ್ನು ಜೋಡಿಸಿ ಕನಿಷ್ಠ ಮೂರು ತಿಂಗಳು ಹೋಲಿಸಿ ನೋಡಬೇಕು. ಗ್ರಾಹಕರ ಹಕ್ಕುಗಳ ನಿಯಮದ 2024ರ ತಿದ್ದುಪಡಿಯಲ್ಲಿ ಬಂದ ಈ ಹಕ್ಕನ್ನು ಕೇಳಿ ಪಡೆಯುವವರು ಕಡಿಮೆ. 2023ರ ತಿದ್ದುಪಡಿಯಲ್ಲಿ ಇನ್ನೊಂದಿದೆ. ಸ್ಮಾರ್ಟ್ ಮೀಟರ್ ನಿಮ್ಮ ಗರಿಷ್ಠ ಲೋಡನ್ನು ನಿಖರವಾಗಿ ಹಿಡಿಯುತ್ತದೆ ನಿಜ, ಆದರೆ ಅದನ್ನು ತೋರಿಸಿ ಮೀಟರ್ ಹಾಕುವುದಕ್ಕೆ ಹಿಂದಿನ ಅವಧಿಗೆ ದಂಡ ಹಾಕುವಂತಿಲ್ಲ. ಮಂಜೂರಾದ ಲೋಡನ್ನು ಏರಿಸಬೇಕಾದರೂ ಒಂದು ಹಣಕಾಸು ವರ್ಷದಲ್ಲಿ ಕನಿಷ್ಠ ಮೂರು ಸಲ ಮಿತಿ ಮೀರಿರಬೇಕು. ಮಗಳ ಮದುವೆಯ ಎರಡು ದಿನ ಸೀರಿಯಲ್ ಸೆಟ್ ಹಾಕಿದ್ದಕ್ಕೆ ವರ್ಷವಿಡೀ ಹೆಚ್ಚು ನಿಗದಿತ ಶುಲ್ಕ ಕಟ್ಟಬೇಕಾಗಿಲ್ಲ.

ಅಪಾರ್ಟ್‌ಮೆಂಟಿನವರಿಗೆ ಒಂದು ಕಿವಿಮಾತು. ಒಂದೇ ಸಂಪರ್ಕ ಪಡೆದು ಫ್ಲ್ಯಾಟುಗಳಿಗೆ ಖಾಸಗಿ ಪ್ರಿಪೇಯ್ಡ್ ಮೀಟರ್ ಹಾಕಿರುವ ಕಟ್ಟಡಗಳಲ್ಲಿ ಈ ವ್ಯವಸ್ಥೆ ಆಗಲೇ ಬಂದುಬಿಟ್ಟಿದೆ. ಅಲ್ಲಿ ಮೇಂಟೆನೆನ್ಸ್ ಬಾಕಿಯನ್ನೂ ಕರೆಂಟಿನ ಬ್ಯಾಲೆನ್ಸಿನಲ್ಲೇ ಕಳೆಯುವ ಚಾಳಿ ಕೆಟ್ಟದ್ದು. ಎಸ್ಕಾಂನಿಂದ ಬಂದ ಕರೆಂಟು, ಜನರೇಟರಿನದು, ಸಾಮಾನ್ಯ ಜಾಗಗಳದು, ಮೂರಕ್ಕೂ ಬೇರೆ ಬೇರೆ ಮೀಟರು, ಬೇರೆ ಬೇರೆ ಬಿಲ್ ಇರಬೇಕೆಂದು ಅದೇ 2024ರ ತಿದ್ದುಪಡಿ ಹೇಳುತ್ತದೆ. ಪ್ರತಿ ಮನೆಗೂ ನೇರ ಸಂಪರ್ಕ ಬೇಕೆಂದು ಅರ್ಧಕ್ಕಿಂತ ಹೆಚ್ಚು ನಿವಾಸಿಗಳು ಮತ ಹಾಕಿದರೆ ಅದಕ್ಕೂ ದಾರಿಯಿದೆ. ಮುಂದಿನ ಅಸೋಸಿಯೇಷನ್ ಸಭೆಯಲ್ಲಿ ಪಾರ್ಕಿಂಗ್ ಜಗಳ ಮುಗಿದ ಮೇಲೆ ಇದನ್ನೂ ಎತ್ತಿ.

ಇನ್ನು ನೀವು ಮಾಡಬೇಕಾದದ್ದು. ದೂರಿದ್ದರೆ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಸಬ್‌ಡಿವಿಷನ್‌ನಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಹೋಗಿ, ಅದರ ತೀರ್ಪೂ ಸರಿಯೆನಿಸದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. ಆದರೆ ನಿಯಮವನ್ನೇ ಬದಲಿಸಬೇಕಾದಾಗ ಹೋಗಬೇಕಾದ ಜಾಗ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಬೆಂಗಳೂರಿನ ವಸಂತನಗರದಲ್ಲಿದೆ. ಎಸ್ಕಾಂಗಳು ದರ ಏರಿಕೆಗೆ ಅರ್ಜಿ ಹಾಕಿದಾಗ ಆಯೋಗ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಿಸಿ ಆಕ್ಷೇಪಣೆ ಕರೆಯುತ್ತದೆ, ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಕೈಗಾರಿಕೆಯವರು ವಕೀಲರನ್ನು ಕರೆದುಕೊಂಡು ಬರುತ್ತಾರೆ. ಮನೆಬಳಕೆಯವರ ಕುರ್ಚಿಗಳು ಖಾಲಿ ಇರುತ್ತವೆ. ಈ ಸಲ ಹಾಗಾಗದಿರಲಿ. ಪತ್ರ ಕನ್ನಡದಲ್ಲೇ ಇರಲಿ, ಇಷ್ಟು ಬರೆದರೆ ಸಾಕು:

‘ಮನೆಬಳಕೆಯ ಮೀಟರನ್ನು ನನ್ನ ಲಿಖಿತ ಒಪ್ಪಿಗೆಯಿಲ್ಲದೆ ಪ್ರಿಪೇಯ್ಡಿಗೆ ಬದಲಿಸಬಾರದು. ಬದಲಿಸಿದ ದಿನವೇ ನನ್ನ ಭದ್ರತಾ ಠೇವಣಿಯನ್ನು ಬಡ್ಡಿ ಸಮೇತ ಮೀಟರಿಗೆ ಜಮಾ ಮಾಡಬೇಕು. ಬ್ಯಾಲೆನ್ಸ್ ಮುಗಿಯುವ ಮುನ್ನ ಕನ್ನಡದಲ್ಲಿ, ಕನಿಷ್ಠ ಎರಡು ಫೋನ್ ನಂಬರುಗಳಿಗೆ ಸಂದೇಶ ಬರಬೇಕು. ಮುಗಿದ ಮೇಲೂ ಹದಿನೈದು ದಿನದ ಕಾಲಾವಕಾಶ ಬೇಕು. ಸಂಜೆಯಿಂದ ಬೆಳಗಿನವರೆಗೆ, ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಸರಬರಾಜು ನಿಲ್ಲಿಸಬಾರದು. ವೈದ್ಯಕೀಯ ಉಪಕರಣ ಬಳಸುವವರು, ಎಳೆಗೂಸು ಮತ್ತು ಒಂಟಿ ವೃದ್ಧರಿರುವ ಮನೆಗಳ ಪಟ್ಟಿ ಮಾಡಿ, ಅವುಗಳನ್ನು ತಾನಾಗಿ ನಿಲ್ಲುವ ವ್ಯವಸ್ಥೆಯಿಂದ ಹೊರಗಿಡಬೇಕು. ನಗದು ಕಟ್ಟುವ ಕೌಂಟರುಗಳನ್ನು ಮುಚ್ಚಬಾರದು. ಗೃಹಜ್ಯೋತಿಯ ಹಣ ಮುಂಚಿತವಾಗಿ ಜಮಾ ಆಗಬೇಕು.’

ಕೆಳಗೆ ಸಹಿ, ವಿಳಾಸ ಮತ್ತು ಬಿಲ್ಲಿನ ಮೇಲಿರುವ ಆರ್‌ಆರ್ ನಂಬರ್ ಬರೆಯಿರಿ. ಒಂದು ಪ್ರತಿ ಆಯೋಗದ ಕಾರ್ಯದರ್ಶಿಗೆ, ಒಂದು ನಿಮ್ಮ ಎಸ್ಕಾಂನ ವ್ಯವಸ್ಥಾಪಕ ನಿರ್ದೇಶಕರಿಗೆ, ಒಂದು ಸ್ಥಳೀಯ ಶಾಸಕರಿಗೆ. ಅಕ್ಕಪಕ್ಕದ ನಾಲ್ಕು ಮನೆಯವರಿಂದಲೂ ಬರೆಸಿ, ಬರೆಯಲು ಬಾರದವರಿಗೆ ನೀವೇ ಬರೆದುಕೊಡಿ. ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಕಚೇರಿಗೇ ಹೋಗಿ ಕೊಡುವುದಾದರೆ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಬನ್ನಿ.